ಒಬ್ಬರ ಲಾಭ, ಎಲ್ಲರ ದಾರಿ: ಸಂವಹನ ಜಾಲಗಳಲ್ಲಿ ಆಟದ ಸಿದ್ಧಾಂತ

ಉಪನ್ಯಾಸದ ದಿನ ಹಲಗೆಯ ಮೇಲೆ ಬರೆದು ತೋರಿಸಿದ್ದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳಾಗಿ ಬಿಡಿಸಿ ಬರೆದಿದ್ದೇನೆ. ಮಾತಿನ ಓಟದಲ್ಲಿ ಅವಸರದಿಂದ ದಾಟಿಹೋದ ಒಂದೆರಡು ಜಾಗಗಳಲ್ಲಿ ಸ್ವಲ್ಪ ನಿಂತಿದ್ದೇನೆ.

1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ನಡೆದ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ಅಲ್ಲಿನ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ನಡುವಿನ ಅಂತರ ಸುಮಾರು 400 ಗಜ. ಈ ಎರಡು ತಾಣಗಳ ನಡುವೆ ಸೆಕೆಂಡಿಗೆ 32,000 ಬಿಟ್‌ಗಳಂತೆ ಸಾಗುತ್ತಿದ್ದ ಮಾಹಿತಿಯ ವೇಗ ಸೆಕೆಂಡಿಗೆ 40 ಬಿಟ್‌ಗಳಿಗೆ ಕುಸಿದುಬಿಟ್ಟಿತು. ತಂತಿ ತುಂಡಾಗಿರಲಿಲ್ಲ, ಯಾವ ಯಂತ್ರವೂ ಕೆಟ್ಟು ನಿಂತಿರಲಿಲ್ಲ, ಹೊರಗಿನಿಂದ ದಾಳಿಯೂ ನಡೆದಿರಲಿಲ್ಲ. ಕಳುಹಿಸಿದ ಪ್ಯಾಕೆಟ್ (ಮಾಹಿತಿಯ ಸಣ್ಣ ಕಟ್ಟು) ತಲುಪಿದ ಸುದ್ದಿ ಬಾರದಿದ್ದರೆ ಇನ್ನೊಮ್ಮೆ ಕಳುಹಿಸು ಎಂಬ ನಿಯಮವನ್ನು ಪ್ರತಿಯೊಂದು ಕಂಪ್ಯೂಟರೂ ಪಾಲಿಸುತ್ತಿತ್ತು. ದಾರಿ ತುಂಬಿದಷ್ಟೂ ಪ್ಯಾಕೆಟ್‌ಗಳು ತಡವಾದವು, ತಡವಾದಷ್ಟೂ ಮತ್ತೆ ಮತ್ತೆ ಕಳುಹಿಸಲಾಯಿತು, ಕೊನೆಗೆ ಜಾಲದ ತುಂಬ ಓಡಾಡುತ್ತಿದ್ದದ್ದು ಹೆಚ್ಚಾಗಿ ಒಂದೇ ಪ್ಯಾಕೆಟ್‌ಗಳ ಪ್ರತಿಗಳು. ಒಂದೊಂದು ಯಂತ್ರವನ್ನೂ ಪ್ರತ್ಯೇಕವಾಗಿ ವಿಚಾರಿಸಿದ್ದರೆ ಅದು ಮಾಡಿದ್ದು ಸರಿಯೆಂದೇ ತೋರುತ್ತಿತ್ತು.

ತನಗೆ ಒಳಿತೆಂದು ಪ್ರತಿಯೊಬ್ಬರೂ ಮಾಡುವ ಕೆಲಸಗಳು ಕೂಡಿದಾಗ ಎಲ್ಲರಿಗೂ ಕೆಡುಕಾಗುವ ಇಂಥ ಸನ್ನಿವೇಶಗಳನ್ನು ಗಣಿತದ ಭಾಷೆಯಲ್ಲಿ ಹಿಡಿಯುವ ಶಾಸ್ತ್ರವೇ ಆಟದ ಸಿದ್ಧಾಂತ, ಅಂದರೆ ಗೇಮ್ ಥಿಯರಿ. ಇಲ್ಲಿ ಆಟ ಎಂದರೆ ಮೂರು ಸಂಗತಿಗಳ ಕೂಟ: ನಿರ್ಧಾರ ತೆಗೆದುಕೊಳ್ಳುವ ಆಟಗಾರರು, ಅವರ ಮುಂದಿರುವ ನಡೆಗಳು, ಎಲ್ಲರ ನಡೆಗಳೂ ಸೇರಿದಾಗ ಒಬ್ಬೊಬ್ಬರಿಗೆ ದಕ್ಕುವ ಪ್ರತಿಫಲ. ಜಾನ್ ನ್ಯಾಶ್ 1950ರಲ್ಲಿ ಕೊಟ್ಟ ಸಮತೋಲದ ಪರಿಕಲ್ಪನೆ ಇದರ ತಿರುಳು. ಉಳಿದವರೆಲ್ಲ ತಮ್ಮ ತಮ್ಮ ನಡೆಯನ್ನು ಹಾಗೆಯೇ ಇಟ್ಟುಕೊಂಡಿರುವಾಗ ತಾನೊಬ್ಬನೇ ನಡೆ ಬದಲಿಸಿ ಹೆಚ್ಚಿನದನ್ನು ಪಡೆಯಲು ಯಾರಿಗೂ ಸಾಧ್ಯವಾಗದ ಸ್ಥಿತಿಯೇ ನ್ಯಾಶ್ ಸಮತೋಲ. ಅದು ಒಳ್ಳೆಯ ಸ್ಥಿತಿಯಾಗಿರಬೇಕೆಂಬ ಕಟ್ಟುಪಾಡೇನೂ ಇಲ್ಲ. ಒಬ್ಬರಿಂದಲೇ ಕದಲಿಸಲಾಗದ ಸ್ಥಿತಿ ಎಂಬುದಷ್ಟೇ ಅದರ ಅರ್ಥ.

ನಾನು ಹೇಳಬೇಕೆಂದಿರುವುದು ಇಷ್ಟು. ಜಾಲದ ಪ್ರತಿಯೊಂದು ಪ್ರೊಟೊಕಾಲ್ ಕೂಡ, ಅಂದರೆ ಯಂತ್ರಗಳು ಮಾಹಿತಿ ವಿನಿಮಯಕ್ಕೆ ಪಾಲಿಸುವ ಪ್ರತಿಯೊಂದು ಕಟ್ಟಳೆಯೂ, ಅದನ್ನು ರೂಪಿಸಿದವರಿಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಒಂದು ಆಟದ ನಿಯಮಾವಳಿಯಾಗಿರುತ್ತದೆ. ಎಲ್ಲರೂ ಪಾಲಿಸಿದರೆ ಅದು ಚೆನ್ನಾಗಿ ನಡೆಯುತ್ತದೆಯೇ ಎಂದು ಎಂಜಿನಿಯರರು ಕೇಳುವುದು ವಾಡಿಕೆ. ಅದನ್ನು ಪಾಲಿಸದಿದ್ದವನಿಗೆ ಏನು ಸಿಗುತ್ತದೆ ಎಂಬ ಎರಡನೆಯ ಪ್ರಶ್ನೆಯನ್ನು ಕೇಳದೆ ಬಿಟ್ಟರೆ, ಆ ಪ್ರಶ್ನೆಗೆ ಬಳಕೆದಾರರೇ ಉತ್ತರ ಕಂಡುಕೊಳ್ಳುತ್ತಾರೆ.

ತೀರ ಸರಳವಾದ ಒಂದು ಜಾಲವನ್ನು ಹತ್ತಿರದಿಂದ ನೋಡೋಣ. ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಏಬ್ರಮ್‌ಸನ್ ಮತ್ತು ಸಂಗಡಿಗರು ಕಟ್ಟಿದ, 1971ರಲ್ಲಿ ಕೆಲಸ ಆರಂಭಿಸಿದ ಅಲೋಹಾ ಎಂಬ ರೇಡಿಯೊ ಜಾಲದಲ್ಲಿ ಎಲ್ಲ ಕೇಂದ್ರಗಳಿಗೂ ಒಂದೇ ವಾಹಿನಿ. ಇಬ್ಬರು ಒಮ್ಮೆಲೇ ಕಳುಹಿಸಿದರೆ ಎರಡೂ ಪ್ಯಾಕೆಟ್‌ಗಳು ಹಾಳು. ಸಮಯವನ್ನು ಸಮನಾದ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನ ಆರಂಭದಲ್ಲಷ್ಟೇ ಕಳುಹಿಸಬೇಕೆಂಬ ಸುಧಾರಣೆ ಬೇಗನೆ ಬಂತು. ಈ ಸುಧಾರಿತ ರೂಪದಲ್ಲಿ ಹತ್ತು ಕೇಂದ್ರಗಳಿವೆ, ಎಲ್ಲರ ಬಳಿಯೂ ಕಳುಹಿಸಲು ಸದಾ ಏನಾದರೂ ಇದೆ ಎಂದುಕೊಳ್ಳಿ. ಪ್ರತಿ ತುಣುಕಿನಲ್ಲೂ ಹತ್ತರಲ್ಲಿ ಒಂದರ ಸಂಭವದಂತೆ ಎಲ್ಲರೂ ಕಳುಹಿಸುತ್ತಾರೆ. ಒಂದು ಕೇಂದ್ರ ಗೆಲ್ಲಬೇಕಾದರೆ ಅದು ಕಳುಹಿಸಬೇಕು, ಉಳಿದ ಒಂಬತ್ತೂ ಸುಮ್ಮನಿರಬೇಕು. ಅಂದರೆ 0.1ನ್ನು 0.9ರ ಒಂಬತ್ತನೆಯ ಘಾತದಿಂದ ಗುಣಿಸಬೇಕು; ಉತ್ತರ ಸುಮಾರು 0.039. ಹತ್ತೂ ಕೇಂದ್ರಗಳನ್ನು ಕೂಡಿದರೆ 0.39. ವಾಹಿನಿಯ ಸುಮಾರು ಐದರಲ್ಲಿ ಎರಡು ಭಾಗ ಕೆಲಸಕ್ಕೆ ಬರುತ್ತದೆ. ಕೇಂದ್ರಗಳ ಸಂಖ್ಯೆ ಬೆಳೆದಂತೆ ಈ ಅಂಕಿ ಅಲೋಹಾದ ಪ್ರಸಿದ್ಧ ಮಿತಿಯಾದ 0.37ರ ಹತ್ತಿರಕ್ಕೆ ಇಳಿಯುತ್ತದೆ.

ಈಗ ಒಂದು ಕೇಂದ್ರ ನಿಯಮ ಮುರಿದು ಪ್ರತಿ ತುಣುಕಿನಲ್ಲೂ ಕಳುಹಿಸತೊಡಗುತ್ತದೆ. ಉಳಿದ ಒಂಬತ್ತು ಸುಮ್ಮನಿರುವ ಸಂಭವ 0.39, ಆ ಅಷ್ಟೂ ಅದರ ಪಾಲು. ಹಿಂದೆ ಹತ್ತು ಜನ ಹಂಚಿಕೊಳ್ಳುತ್ತಿದ್ದುದನ್ನು ಅದೊಂದೇ ನುಂಗಿತು, ಉಳಿದವರಿಗೆ ಸೊನ್ನೆ. ಇನ್ನೊಂದು ಕೇಂದ್ರವೂ ಹಾಗೆಯೇ ಮಾಡಿದರೆ ಎಲ್ಲ ಹತ್ತಕ್ಕೂ ಸೊನ್ನೆ, ವಾಹಿನಿ ಸತ್ತಂತೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಒಬ್ಬ ನಿರಂತರ ಕಳುಹಿಸುತ್ತಿರುವಾಗ ಇನ್ನೊಬ್ಬ ಏನು ಮಾಡಿದರೂ ಅವನಿಗೆ ಸಿಗುವುದು ಸೊನ್ನೆಯೇ. ಆದ್ದರಿಂದ ಅವನೂ ನಿರಂತರ ಕಳುಹಿಸತೊಡಗಿದರೆ ಅವನಿಗೆ ಹೊಸ ನಷ್ಟವೇನೂ ಇಲ್ಲ. ಎಲ್ಲರೂ ಎಡೆಬಿಡದೆ ಕಳುಹಿಸುತ್ತ ಯಾರಿಗೂ ಏನೂ ತಲುಪದ ಸ್ಥಿತಿಯೂ ಒಂದು ನ್ಯಾಶ್ ಸಮತೋಲವೇ. ಕಳುಹಿಸುವುದಕ್ಕೆ ಬ್ಯಾಟರಿಯ ಖರ್ಚಿನಂಥ ಸಣ್ಣದೊಂದು ಬೆಲೆ ತಗಲಿದರೂ ಆಟದ ರೂಪ ಬದಲಾಗುತ್ತದೆ, ವ್ಯರ್ಥವಾಗಿ ಕೂಗುವವನಿಗೆ ಸುಮ್ಮನಾಗಲು ಕಾರಣ ಸಿಗುತ್ತದೆ. ಎಲ್ಲರೂ ನಿಯಮ ಪಾಲಿಸುತ್ತಾರೆಂಬ ಇದೇ ನಂಬಿಕೆಯ ಮೇಲೆ ಇಂದಿನ ವೈಫೈ ಕೂಡ ನಿಂತಿದೆ. ಡಿಕ್ಕಿಯಾದ ಬಳಿಕ ಎಷ್ಟು ಹೊತ್ತು ಕಾಯಬೇಕೆಂಬ ಯಾದೃಚ್ಛಿಕ ಎಣಿಕೆಯನ್ನು ಪ್ರತಿ ಉಪಕರಣ ತಾನೇ ಆರಿಸಿಕೊಳ್ಳುತ್ತದೆ. ಆ ಎಣಿಕೆಯ ಮಿತಿಯನ್ನು ಸಾಫ್ಟ್‌ವೇರ್‌ನಲ್ಲಿ ಸದ್ದಿಲ್ಲದೆ ಕಿರಿದು ಮಾಡಿಕೊಂಡವನು ಸರದಿಯಲ್ಲಿ ಸದಾ ಮುಂದಿರುತ್ತಾನೆ.

ಬರ್ಕ್ಲಿಯ ಕುಸಿತಕ್ಕೆ ಮರಳೋಣ. ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದ ಸಾರ ಸರಳ: ಪ್ಯಾಕೆಟ್‌ಗಳು ಸುರಕ್ಷಿತವಾಗಿ ತಲುಪುತ್ತಿರುವವರೆಗೆ ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸು, ಒಂದು ಕಳೆದುಹೋದರೆ ದಾರಿ ತುಂಬಿದೆ ಎಂದು ತಿಳಿದು ವೇಗವನ್ನು ಒಮ್ಮೆಲೇ ತಗ್ಗಿಸು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಇಲ್ಲಿ ಹಾಸಿಗೆಯ ಉದ್ದ ಗೊತ್ತಿಲ್ಲ, ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಎಷ್ಟು ಜನ ಮಲಗಿದ್ದಾರೆ ಎಂಬುದೂ ಗೊತ್ತಿಲ್ಲ. ಕಾಲು ಚಾಚಿ ತಗುಲಿದಾಗಲೇ ತಿಳಿಯಬೇಕು. ಏರಿಸುವಾಗ ಕೂಡುತ್ತ, ಇಳಿಸುವಾಗ ಅರ್ಧಕ್ಕೆ ತರುತ್ತ ಹೋದರೆ ಒಂದೇ ದಾರಿಯನ್ನು ಹಂಚಿಕೊಂಡವರು ಕ್ರಮೇಣ ಸಮಪಾಲಿನ ಕಡೆಗೆ ಸರಿಯುತ್ತಾರೆ ಎಂಬುದನ್ನು ಚಿಯು ಮತ್ತು ಜೈನ್ 1989ರಲ್ಲಿ ಗಣಿತದಿಂದ ತೋರಿಸಿಕೊಟ್ಟರು. ಅಂತರ್ಜಾಲ ಅಂದಿನಿಂದ ಇಂದಿನವರೆಗೆ ನಿಂತಿರುವುದು ಬಹುಪಾಲು ಈ ಶಿಸ್ತಿನ ಬಲದಿಂದ. ಇದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಾಧನೆ.

ಆದರೆ ಆ ಸಮಪಾಲು ದೊರೆಯುವುದು ಸಂಪರ್ಕಗಳ ನಡುವೆಯೇ ಹೊರತು ಮನುಷ್ಯರ ನಡುವೆ ಅಲ್ಲ. ಒಂದೇ ಕೊಂಡಿಯ ಮೇಲೆ ಒಬ್ಬ ಒಂದು ಸಂಪರ್ಕವನ್ನೂ ಇನ್ನೊಬ್ಬ ಒಂಬತ್ತನ್ನೂ ತೆರೆದರೆ, ಮೊದಲನೆಯವನಿಗೆ ಹತ್ತರಲ್ಲಿ ಒಂದು ಪಾಲು, ಎರಡನೆಯವನಿಗೆ ಒಂಬತ್ತು. ಎರಡನೆಯವನು ಯಾವ ನಿಯಮವನ್ನೂ ಮುರಿದಿಲ್ಲ, ಅವನ ಒಂಬತ್ತು ಸಂಪರ್ಕಗಳೂ ಜೇಕಬ್‌ಸನ್ ಹೇಳಿದಂತೆಯೇ ನಡೆದುಕೊಳ್ಳುತ್ತಿವೆ. ವೆಬ್ ಪುಟಗಳನ್ನು ತರಿಸಿಕೊಳ್ಳುವ ಪ್ರೊಟೊಕಾಲ್ ಆದ ಎಚ್‌ಟಿಟಿಪಿಯ 1999ರ ನಿಯಮಾವಳಿಯು ಒಂದು ಸರ್ವರ್‌ನೊಂದಿಗೆ ಎರಡಕ್ಕಿಂತ ಹೆಚ್ಚು ಸಂಪರ್ಕಗಳನ್ನು ಇಟ್ಟುಕೊಳ್ಳಬಾರದೆಂದು ಹೇಳಿತ್ತು. ಬ್ರೌಸರ್‌ಗಳ ನಡುವೆ ವೇಗದ ಪೈಪೋಟಿ ಏರಿದಂತೆ ಆ ಸಂಖ್ಯೆ ಆರಕ್ಕೆ ಏರಿತು, 2014ರ ಪರಿಷ್ಕರಣೆಯಲ್ಲಿ ಎರಡರ ಮಿತಿಯನ್ನೇ ಕೈಬಿಡಲಾಯಿತು. ಇದರ ಹಿಂದೆ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ಎರಡಕ್ಕೇ ನಿಂತ ಬ್ರೌಸರ್ ನಿಧಾನವೆನಿಸಿಕೊಳ್ಳುತ್ತದೆ, ಬಳಕೆದಾರರನ್ನು ಕಳೆದುಕೊಳ್ಳುತ್ತದೆ; ಒಬ್ಬರು ಏರಿಸಿದ ಮೇಲೆ ಉಳಿದವರಿಗೆ ಬೇರೆ ದಾರಿಯಿಲ್ಲ. 2015ರಲ್ಲಿ ಬಂದ ಎಚ್‌ಟಿಟಿಪಿಯ ಎರಡನೆಯ ಆವೃತ್ತಿ ಒಂದೇ ಸಂಪರ್ಕದಲ್ಲಿ ಅನೇಕ ಕೋರಿಕೆಗಳನ್ನು ಒಟ್ಟಿಗೆ ಸಾಗಿಸುವ ವ್ಯವಸ್ಥೆ ಮಾಡಿ ಹೆಚ್ಚು ಸಂಪರ್ಕಗಳ ಅಗತ್ಯವನ್ನೇ ಕಡಿಮೆ ಮಾಡಿತು. ಉಪದೇಶದಿಂದ ಆಗದ ಕೆಲಸ ನಿಯಮದ ಮರುರಚನೆಯಿಂದ ಬಹುಮಟ್ಟಿಗೆ ಆಯಿತು.

ಈ ತೊಡಕನ್ನು ಬಹಳ ಮೊದಲೇ ಕಂಡವರು ಜಾನ್ ನೇಗಲ್. 1984ರಲ್ಲಿಯೇ ದಟ್ಟಣೆಯ ಕುಸಿತದ ಬಗ್ಗೆ ಎಚ್ಚರಿಸಿದ್ದ ಅವರು, 1985ರ ಡಿಸೆಂಬರ್‌ನ ಟಿಪ್ಪಣಿಯೊಂದರಲ್ಲಿ ಜಾಲದ ದಟ್ಟಣೆಯನ್ನು ನೇರವಾಗಿ ಆಟದ ಸಿದ್ಧಾಂತದ ಕಣ್ಣಿನಿಂದ ನೋಡಿದರು. ಪ್ಯಾಕೆಟ್‌ಗಳನ್ನು ಮುಂದಿನ ಕೊಂಡಿಗೆ ದಾಟಿಸುವ ಯಂತ್ರವಾದ ರೂಟರ್‌ನಲ್ಲಿ ಎಲ್ಲರಿಗೂ ಒಂದೇ ಸಾಲಿದ್ದು ಮೊದಲು ಬಂದವರಿಗೆ ಮೊದಲ ಸೇವೆ ಎಂಬ ನಿಯಮವಿದ್ದರೆ, ಹೆಚ್ಚು ಪ್ಯಾಕೆಟ್ ಸುರಿದವನಿಗೇ ಹೆಚ್ಚು ಪಾಲು ದಕ್ಕುತ್ತದೆ, ಸಂಯಮಿಗೆ ಶಿಕ್ಷೆಯಾಗುತ್ತದೆ. ನೋಡುವುದಕ್ಕೆ ಇದಕ್ಕಿಂತ ನ್ಯಾಯವಾದ ಸಾಲು ಇಲ್ಲವೆನಿಸುತ್ತದೆ, ಪರಿಣಾಮ ಮಾತ್ರ ತದ್ವಿರುದ್ಧ. ಪ್ರತಿ ಮೂಲ ಯಂತ್ರಕ್ಕೂ ಒಂದೊಂದು ಪ್ರತ್ಯೇಕ ಸಾಲು ಮಾಡಿ, ಸಾಲಿಗೆ ಒಂದರಂತೆ ಸರದಿಯಲ್ಲಿ ಪ್ಯಾಕೆಟ್ ಕಳುಹಿಸಬೇಕೆಂದು ನೇಗಲ್ ಸೂಚಿಸಿದರು. ಆಗ ಹೆಚ್ಚು ಸುರಿಯುವವನು ಉದ್ದವಾಗಿಸುವುದು ತನ್ನ ಸಾಲನ್ನೇ. ತನ್ನ ಪ್ಯಾಕೆಟ್‌ಗಳನ್ನು ತಾನೇ ತಡಮಾಡಿಕೊಳ್ಳುತ್ತಾನೆ. ಕಳುಹಿಸುವವರ ಒಂದೂ ಸಾಲು ಕೋಡ್ ಬದಲಾಗಲಿಲ್ಲ, ಯಾರಿಗೂ ಬುದ್ಧಿ ಹೇಳಲಿಲ್ಲ, ಆದರೂ ಯಾವ ನಡೆ ಲಾಭದಾಯಕ ಎಂಬುದು ಬದಲಾಯಿತು. ಸಂವಹನ ಜಾಲಗಳಲ್ಲಿ ಆಟದ ಸಿದ್ಧಾಂತದ ಉಪಯೋಗ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಎತ್ತಿಕೊಳ್ಳುವುದು ಈ ಉದಾಹರಣೆಯನ್ನೇ.

ಇನ್ನು ದಾರಿ ಆರಿಸಿಕೊಳ್ಳುವ ಪ್ರಶ್ನೆ. ಜರ್ಮನಿಯ ಗಣಿತಜ್ಞ ಡೀಟ್ರಿಚ್ ಬ್ರಾಯೆಸ್ 1968ರಲ್ಲಿ ರಸ್ತೆಗಳ ಸಂದರ್ಭದಲ್ಲಿ ತೋರಿಸಿದ ವಿರೋಧಾಭಾಸವೊಂದು ಪ್ಯಾಕೆಟ್‌ಗಳಿಗೂ ಅಷ್ಟೇ ಸಲ್ಲುತ್ತದೆ. ಮೂಲದಿಂದ ಗುರಿಗೆ ಎರಡು ದಾರಿಗಳಿವೆ, ಮೇಲಿನದು, ಕೆಳಗಿನದು. ಎರಡರಲ್ಲೂ ಎರಡೆರಡು ಕೊಂಡಿಗಳು: ಒಂದು ಕಿರಿದು, ಅದರ ಮೇಲೆ ಎಷ್ಟು ಹರಿವುಗಳಿವೆಯೋ (ಹರಿವು ಎಂದರೆ ಒಂದೇ ಮೂಲದಿಂದ ಒಂದೇ ಗುರಿಗೆ ಸಾಗುವ ಪ್ಯಾಕೆಟ್‌ಗಳ ಸರಣಿ) ಅಷ್ಟು ಮಿಲಿಸೆಕೆಂಡ್ ವಿಳಂಬ, ಇನ್ನೊಂದು ವಿಶಾಲವಾದರೂ ದೂರದ್ದು, ಎಷ್ಟೇ ಹರಿವಿದ್ದರೂ 105 ಮಿಲಿಸೆಕೆಂಡ್. ಮೇಲಿನ ದಾರಿಯಲ್ಲಿ ಕಿರಿದಾದದ್ದು ಮೊದಲು ಬರುತ್ತದೆ, ಕೆಳಗಿನದರಲ್ಲಿ ಕೊನೆಗೆ. ಒಟ್ಟು 100 ಹರಿವುಗಳು ಅರ್ಧಕ್ಕರ್ಧ ಹಂಚಿಕೊಂಡರೆ ಪ್ರತಿಯೊಂದಕ್ಕೂ 50 ಮತ್ತು 105 ಕೂಡಿ 155 ಮಿಲಿಸೆಕೆಂಡ್. ಈಗ ಎರಡು ದಾರಿಗಳ ನಡುವಿನ ಬಿಂದುಗಳನ್ನು ಜೋಡಿಸುವ, ಕೇವಲ 2 ಮಿಲಿಸೆಕೆಂಡಿನ ಹೊಸ ಕೊಂಡಿಯೊಂದನ್ನು ಹಾಕುತ್ತೇವೆ. ಕಿರಿದಾದ ಕೊಂಡಿ, ಹೊಸ ಕೊಂಡಿ, ಮತ್ತೆ ಕಿರಿದಾದ ಕೊಂಡಿ ಎಂಬ ಅಡ್ಡದಾರಿ ಮೊದಲು ಹಿಡಿದವನಿಗೆ ಸುಮಾರು 103 ಮಿಲಿಸೆಕೆಂಡಿನಲ್ಲಿ ಕೆಲಸವಾಗುತ್ತದೆ. ಅದನ್ನು ಕಂಡು ಉಳಿದವರೂ ಬರುತ್ತಾರೆ. ನೂರೂ ಹರಿವುಗಳು ಅಡ್ಡದಾರಿಗೆ ಬಂದಾಗ ಪ್ರತಿಯೊಂದಕ್ಕೂ 100, 2 ಮತ್ತು 100 ಕೂಡಿ 202 ಮಿಲಿಸೆಕೆಂಡ್. ಹಳೆಯ ದಾರಿಗೆ ಮರಳೋಣವೆಂದು ಒಬ್ಬ ಯೋಚಿಸಿದರೆ ಅವನಿಗೆ 100 ಮತ್ತು 105 ಕೂಡಿ 205. ಆದ್ದರಿಂದ ಯಾರೂ ಕದಲುವುದಿಲ್ಲ. ಜಾಲಕ್ಕೆ ಹೊಸ ಕೊಂಡಿ ಸೇರಿತು, ಎಲ್ಲರ ವಿಳಂಬ 155ರಿಂದ 202ಕ್ಕೆ ಏರಿತು.

ಕಡಿಮೆ ವಿಳಂಬದ ದಾರಿಯನ್ನೇ ಸದಾ ಹುಡುಕುವ ರೂಟಿಂಗ್ ವಿಧಾನ ಸ್ವಾರ್ಥಿ ಮನುಷ್ಯನಂತೆಯೇ ವರ್ತಿಸುತ್ತದೆ. ಆದ್ದರಿಂದ ಇದು ಕೇವಲ ಕಾಗದದ ಮೇಲಿನ ಭಯವಲ್ಲ. ಹಾಗಾದರೆ ಸ್ವಾರ್ಥದಿಂದ ಆಗುವ ನಷ್ಟ ಎಷ್ಟಿರಬಹುದು? 1999ರಲ್ಲಿ ಕುಟ್ಸೂಪಿಯಾಸ್ ಮತ್ತು ಪಾಪಾಡಿಮಿಟ್ರಿಯು ಈ ನಷ್ಟವನ್ನು ಅಳೆಯುವ ಮಾನವನ್ನು ಮುಂದಿಟ್ಟರು: ಅತ್ಯಂತ ಕೆಟ್ಟ ಸಮತೋಲದ ವೆಚ್ಚವನ್ನು ಅತ್ಯುತ್ತಮ ವ್ಯವಸ್ಥೆಯ ವೆಚ್ಚದಿಂದ ಭಾಗಿಸಿದರೆ ಬರುವ ಸಂಖ್ಯೆ. ಅರಾಜಕತೆಯ ಬೆಲೆ ಎಂಬ ಹೆಸರು ಅದಕ್ಕೆ ಬಳಿಕ ನಿಂತಿತು. ಹರಿವು ಹೆಚ್ಚಿದಂತೆ ವಿಳಂಬ ಸರಳರೇಖೆಯಲ್ಲಿ ಏರುವ ಯಾವುದೇ ಜಾಲದಲ್ಲಿ ಈ ಬೆಲೆ 4/3 ಅನ್ನು ಮೀರುವುದಿಲ್ಲವೆಂದು ಟಿಮ್ ರಫ್‌ಗಾರ್ಡನ್ ಮತ್ತು ಏವಾ ಟಾರ್ಡೋಷ್ ಸಾಧಿಸಿದರು. ಮೇಲಿನ ಉದಾಹರಣೆಯಲ್ಲಿ ಅದು ಸುಮಾರು 1.3; ಮಿತಿಯ ಒಳಗೇ ಇದೆ. ನಿಜವಾದ ರೂಟರ್‌ಗಳಲ್ಲಿ ವಿಳಂಬ ಸರಳರೇಖೆಯಲ್ಲಿ ಏರುವುದಿಲ್ಲ, ಸಾಮರ್ಥ್ಯದ ಅಂಚಿಗೆ ಬಂದಾಗ ಕಡಿದಾಗಿ ಮೇಲೇಳುತ್ತದೆ, ಆಗ ಆ ಬೆಲೆಗೆ ಯಾವ ಮಿತಿಯೂ ಇಲ್ಲ. ಅದಕ್ಕೆ ಅವರಿಬ್ಬರದೇ ಇನ್ನೊಂದು ಫಲಿತಾಂಶ ಸಮಾಧಾನ ಕೊಡುತ್ತದೆ: ಸ್ವಾರ್ಥದಿಂದ ದಾರಿ ಆರಿಸಿದ ಹರಿವುಗಳ ಒಟ್ಟು ವಿಳಂಬ, ಅದೇ ಜಾಲದಲ್ಲಿ ಎರಡರಷ್ಟು ಹರಿವನ್ನು ಅತ್ಯುತ್ತಮವಾಗಿ ಸಾಗಿಸಿದಾಗಿನ ಒಟ್ಟು ವಿಳಂಬವನ್ನು ಮೀರುವುದಿಲ್ಲ. ಜಾಲವನ್ನು ಅಗತ್ಯಕ್ಕಿಂತ ಹೆಚ್ಚು ಸಾಮರ್ಥ್ಯದೊಂದಿಗೆ ಕಟ್ಟುವ ವಾಡಿಕೆಗೆ ಇದು ಗಟ್ಟಿಯಾದ ಸಮರ್ಥನೆ ಎಂದೇ ನಾನು ಓದಿಕೊಂಡಿದ್ದೇನೆ.

ಫ್ರಾಂಕ್ ಕೆಲ್ಲಿ ಮತ್ತು ಸಹೋದ್ಯೋಗಿಗಳು 1998ರಲ್ಲಿ ಬೆಲೆಯ ಮೂಲಕ ಇದೇ ಸಮಸ್ಯೆಯನ್ನು ನೋಡಿದರು. ತುಂಬಿದಷ್ಟೂ ಬೆಲೆ ಏರುವ ಕೊಂಡಿಗಳು, ತನ್ನ ದಾರಿಯ ಒಟ್ಟು ಬೆಲೆ ನೋಡಿ ವೇಗ ಹೊಂದಿಸಿಕೊಳ್ಳುವ ಬಳಕೆದಾರರು; ಇಷ್ಟರಿಂದಲೇ ಇಡೀ ಜಾಲ ಎಲ್ಲರ ಒಟ್ಟು ಹಿತದ ಉತ್ತುಂಗಕ್ಕೆ ಸಾಗುತ್ತದೆ, ಕೇಂದ್ರದಲ್ಲಿ ಕುಳಿತು ಲೆಕ್ಕ ಹಾಕುವವರು ಬೇಕಿಲ್ಲ. ಜೇಕಬ್‌ಸನ್ ವಿಧಾನದಲ್ಲಿ ಪ್ಯಾಕೆಟ್ ಕಳೆದುಹೋಗುವುದನ್ನು ಇಂಥದೇ ಒಂದು ಬೆಲೆಯೆಂದು ಓದಬಹುದು. ತನ್ನ ನಡೆಯಿಂದ ಬೆಲೆಯೇ ಬದಲಾಗುತ್ತದೆ ಎಂಬುದನ್ನು ಮುಂಗಂಡು ಆಡುವ ಚತುರರಿದ್ದರೂ, ಪ್ರತಿಯೊಬ್ಬರೂ ಕೊಡಲು ಮುಂದಿಟ್ಟ ಮೊತ್ತಕ್ಕೆ, ಅಂದರೆ ಬಿಡ್‌ಗೆ, ತಕ್ಕ ಪಾಲು ಕೊಡುವ ವಿಧಾನದಲ್ಲಿ ಒಟ್ಟು ಹಿತದ ನಷ್ಟ ಕಾಲು ಭಾಗಕ್ಕಿಂತ ಹೆಚ್ಚಾಗದು ಎಂದು ಜೊಹಾರಿ ಮತ್ತು ಸಿಟ್ಸಿಕ್ಲಿಸ್ 2004ರಲ್ಲಿ ತೋರಿಸಿದರು.

ಬಳಕೆದಾರರು ತಾವೇ ಜಾಲವಾಗುವ ಸಂದರ್ಭ ಇನ್ನೂ ನಾಜೂಕಿನದು. ಕಡತ ಹಂಚಿಕೆಯ ನುಟೆಲಾ ಜಾಲದಲ್ಲಿ ಸುಮಾರು 70 ಶೇಕಡಾ ಬಳಕೆದಾರರು ಪಡೆಯುವವರೇ ಹೊರತು ಕೊಡುವವರಲ್ಲ ಎಂದು 2000ದ ಅಧ್ಯಯನವೊಂದು ಕಂಡುಕೊಂಡಿತು. ಮರುವರ್ಷ ಬ್ರಾಮ್ ಕೋಹೆನ್ ಹೊರತಂದ ಬಿಟ್‌ಟೊರೆಂಟ್‌ನಲ್ಲಿ ಕೊಡುವಿಕೆಯನ್ನು ಪಡೆಯುವಿಕೆಗೆ ಗಂಟು ಹಾಕಲಾಯಿತು. ಪ್ರತಿ ಹತ್ತು ಸೆಕೆಂಡಿಗೊಮ್ಮೆ ತನಗೆ ಹೆಚ್ಚು ವೇಗವಾಗಿ ಕೊಡುತ್ತಿರುವ ಕೆಲವರನ್ನು ಆರಿಸಿ ಅವರಿಗೆ ಮರಳಿ ಕೊಡುವುದು, ಜೊತೆಗೆ ಮೂವತ್ತು ಸೆಕೆಂಡಿಗೊಮ್ಮೆ ಯಾವನೋ ಒಬ್ಬ ಅಪರಿಚಿತನಿಗೆ ಲೆಕ್ಕ ನೋಡದೆ ಅವಕಾಶ ಕೊಡುವುದು. ಈ ಎರಡನೆಯ ಭಾಗ ಔದಾರ್ಯದಂತೆ ಕಂಡರೂ ಅದಿಲ್ಲದೆ ಹೊಸಬನಿಗೆ ಪ್ರವೇಶವೇ ಇಲ್ಲ, ಇನ್ನೂ ಒಳ್ಳೆಯ ಜೊತೆಗಾರನನ್ನು ಹುಡುಕುವ ಉಪಾಯವೂ ಇಲ್ಲ. ಈ ವ್ಯವಸ್ಥೆಯ ಸಡಿಲಗಳನ್ನು ಬಳಸಿಕೊಂಡು ಕಡಿಮೆ ಕೊಟ್ಟು ಹೆಚ್ಚು ಪಡೆಯುವ ತಂತ್ರಾಂಶವನ್ನು 2007ರಲ್ಲಿ ಸಂಶೋಧಕರು ಕಟ್ಟಿ ತೋರಿಸಿದರು.

ಬೇರೆಯವರ ಪ್ಯಾಕೆಟ್ ಸಾಗಿಸಿದ್ದಕ್ಕೆ ಹಣ ಕೊಡೋಣ ಎಂಬುದು ಇನ್ನೊಂದು ಯೋಚನೆ. ತನ್ನ ವೆಚ್ಚ ಎಷ್ಟೆಂದು ಪ್ರತಿ ನೋಡ್ (ದಾರಿಯಲ್ಲಿ ಪ್ಯಾಕೆಟ್ ದಾಟಿಸುವ ಯಂತ್ರ) ನಿಜ ಹೇಳುವಂತೆ ಮಾಡುವುದು ಹೇಗೆ? ವಿಲಿಯಂ ವಿಕ್ರಿ 1961ರಲ್ಲಿ ಹರಾಜುಗಳಿಗಾಗಿ ಕಂಡುಕೊಂಡ ತತ್ವದ ವಿಸ್ತೃತ ರೂಪ ಇಲ್ಲಿ ಒದಗುತ್ತದೆ: ನೀನಿಲ್ಲದಿದ್ದರೆ ಉಳಿದವರಿಗೆ ಎಷ್ಟು ನಷ್ಟವಾಗುತ್ತಿತ್ತೋ ಅದಕ್ಕೆ ತಕ್ಕಂತೆ ನಿನಗೆ ಸಂದಾಯ. ಒಂದು ದಾರಿಯಲ್ಲಿ 2 ಮತ್ತು 3 ವೆಚ್ಚದ ಎರಡು ನೋಡ್‌ಗಳು, ಇನ್ನೊಂದು ದಾರಿಯಲ್ಲಿ 9 ವೆಚ್ಚದ ಒಂದೇ ನೋಡ್ ಇದ್ದರೆ ಮೊದಲ ದಾರಿಯನ್ನು ಆರಿಸುತ್ತೇವೆ. ಅದರಿಂದಾದ ಉಳಿತಾಯ 4. ಮೊದಲ ನೋಡ್‌ಗೆ 2 ಮತ್ತು 4 ಕೂಡಿ 6, ಎರಡನೆಯದಕ್ಕೆ 3 ಮತ್ತು 4 ಕೂಡಿ 7 ಕೊಡಬೇಕು. ಹೀಗೆ ಕೊಟ್ಟರೆ ಸುಳ್ಳು ಹೇಳಿ ಯಾರಿಗೂ ಲಾಭವಿಲ್ಲ. ಒಟ್ಟು ಸಂದಾಯ 13. ಬೇಡವೆಂದು ಬಿಟ್ಟ ದುಬಾರಿ ದಾರಿಯ 9ಕ್ಕಿಂತಲೂ ಹೆಚ್ಚು! ಸತ್ಯಕ್ಕೆ ತೆರಬೇಕಾದ ಈ ಬೆಲೆ ದಾರಿ ಉದ್ದವಾದಷ್ಟೂ ಏರಬಹುದು. ಈ ವಿಧಾನ ಗಣಿತದಲ್ಲಿ ಎಷ್ಟೇ ಸುಂದರವಾಗಿದ್ದರೂ ಜಾಲಗಳಲ್ಲಿ ಹಾಗೆಯೇ ನೆಲೆಯೂರದಿರಲು ಇದೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ.

ಕೊನೆಯದಾಗಿ ಇಂದಿನ ಸ್ಥಿತಿಗೆ ಬರುತ್ತೇನೆ. ದಟ್ಟಣೆ ನಿಯಂತ್ರಣದ ನಿಯಮ ದಶಕಗಳ ಕಾಲ ಕಂಪ್ಯೂಟರ್‌ನ ಕಾರ್ಯಾಚರಣ ವ್ಯವಸ್ಥೆಯ ಒಳಗಿತ್ತು, ಸಾಮಾನ್ಯ ತಂತ್ರಾಂಶದ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ. 2021ರಲ್ಲಿ ಪ್ರಮಾಣೀಕರಣಗೊಂಡ ಕ್ವಿಕ್ ಪ್ರೊಟೊಕಾಲ್ ಸಾಮಾನ್ಯವಾಗಿ ಆ ನಿಯಮವನ್ನು ಅಪ್ಲಿಕೇಶನ್‌ನೊಳಗೇ ಇಟ್ಟುಕೊಂಡು ಓಡುತ್ತದೆ. ಒಂದು ಅಪ್‌ಡೇಟ್‌ನಲ್ಲಿ ಕೋಟ್ಯಂತರ ಬಳಕೆದಾರರ ನಡೆಯನ್ನು ಬದಲಿಸುವುದು ಈಗ ಸಾಧ್ಯ. ಆದ್ದರಿಂದ ನೇಗಲ್ ತೋರಿಸಿದ ದಾರಿ, ಅಂದರೆ ರೂಟರ್‌ನ ಸಾಲಿನಲ್ಲಿಯೇ ನ್ಯಾಯವನ್ನು ನೆಲೆಗೊಳಿಸುವುದು, ಹಿಂದೆಂದಿಗಿಂತ ಹೆಚ್ಚು ಮುಖ್ಯವಾಗಿದೆ. 2018ರಲ್ಲಿ ನಿಯಮಾವಳಿಯಾಗಿ ಪ್ರಕಟವಾದ, ಲಿನಕ್ಸ್‌ನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಎಫ್‌ಕ್ಯೂ-ಕೋಡೆಲ್ ಎಂಬ ಸಾಲು ನಿರ್ವಹಣೆಯ ವಿಧಾನ ಇದೇ ತತ್ವದ ಮೇಲೆ ಹರಿವುಗಳನ್ನು ಪ್ರತ್ಯೇಕ ಸಾಲುಗಳಿಗೆ ಹಂಚುತ್ತದೆ. ಆದರೆ ಅದು ಎಣಿಸುವುದು ಹರಿವುಗಳನ್ನು. ಒಂಬತ್ತು ಹರಿವು ತೆರೆದವನಿಗೆ ಅಲ್ಲಿಯೂ ಒಂಬತ್ತು ಸಾಲು. ಅದನ್ನು ಸರಿಪಡಿಸಲು ಕೇಕ್ ಎಂಬ ಮುಂದಿನ ವಿಧಾನ ಮೊದಲು ಯಂತ್ರಗಳ ನಡುವೆ, ಆಮೇಲೆ ಒಂದೊಂದು ಯಂತ್ರದ ಹರಿವುಗಳ ನಡುವೆ ಪಾಲು ಮಾಡುತ್ತದೆ. ಯಂತ್ರವನ್ನು ಅದು ಗುರುತಿಸುವುದು ವಿಳಾಸದಿಂದ, ಮತ್ತು ಅಂತರ್ಜಾಲದ ಹೊಸ ವಿಳಾಸ ಪದ್ಧತಿಯಾದ ಐಪಿವಿ6ರಲ್ಲಿ ಒಂದೇ ಯಂತ್ರ ಬೇಕಾದಷ್ಟು ವಿಳಾಸಗಳನ್ನು ಧರಿಸಬಲ್ಲದು. ಈ ಆಟದಲ್ಲಿ ಆಟಗಾರ ಯಾರು ಎಂಬುದನ್ನು ರೂಟರ್ ಯಾವುದರಿಂದ ಗುರುತಿಸಬೇಕು ಎಂಬ ಪ್ರಶ್ನೆಗೆ, ಸುಲಭವಾಗಿ ನಕಲು ಮಾಡಲಾಗದಂಥ ಉತ್ತರ ಇನ್ನೂ ಸಿಗಬೇಕಾಗಿದೆ.